ಮಡಿ ಯಾರನ್ನ ಕಾಪಾಡಿತು? 1918ರ ಜ್ವರದ ಲೆಕ್ಕ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ. ಓದಿ ಸರಿ ಅನಿಸಿದರೆ ನಾಲ್ಕು ಜನಕ್ಕೆ ಹೇಳಿ.

ಹೋದ ವಾರ ನಮ್ಮ ಕಚೇರಿಯಲ್ಲಿ ಅರ್ಧ ಜನಕ್ಕೆ ಜ್ವರ, ಕೆಮ್ಮು. ಮಧ್ಯಾಹ್ನ ಚಹಾ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಮೊಬೈಲ್‌ಗೆ ಬಂದ ಮೆಸೇಜ್ ಓದಿ ಹೇಳಿದರು: "ನೋಡ್ರಿ, ನಮ್ಮ ಹಿರೇರು ಎಷ್ಟು ಶಾಣ್ಯಾ ಇದ್ರು. ಮಡಿ ಅಂತ ದೂರ ದೂರ ಇರ್ತಿದ್ರು. ಕೊರೋನಾದಾಗ ಡಾಕ್ಟರೂ ಅದನ್ನೇ ಹೇಳಿದ್ರು. ಅದರಾಗ ಜಾತಿ ಏನಿಲ್ರಿ, ಬರೇ ಸೈನ್ಸ್."

ಅವರು ಕೆಟ್ಟವರಲ್ಲ. ನನ್ನ ಮಗಳ ಶಾಲೆ ಅರ್ಜಿಗೆ ಅವರೇ ಓಡಾಡಿ ಸಹಿ ಹಾಕಿಸಿಕೊಟ್ಟವರು. ಅದಕ್ಕೇ ಆ ಮಾತು ಇನ್ನೂ ಜಾಸ್ತಿ ಚುಚ್ಚಿತು. ನಾನು ಸುಮ್ಮನೆ ಚಹಾ ಕುಡಿದು ನನ್ನ ಟೇಬಲ್‌ಗೆ ಬಂದು ಕೂತೆ. ಬಾಯಿಗೆ ಬಂದದ್ದು ಸಿಟ್ಟಿನ ಮಾತು. ನಾನು ಗುಮಾಸ್ತ, ದಿನಾ ರಿಜಿಸ್ಟರ್‌ನಲ್ಲಿ ಕಾಲಂ ತುಂಬುವವನು. ಸಿಟ್ಟಿಗಿಂತ ಲೆಕ್ಕ ಗಟ್ಟಿ ಅಂತ ಗೊತ್ತು. ಅಲ್ಲಿ ಹೇಳದ ಉತ್ತರವನ್ನ ಇಲ್ಲಿ ಬರೀತಿದ್ದೀನಿ.

ಈ "ಸೈನ್ಸ್" ಪರೀಕ್ಷೆ ಆಗಿ ನೂರು ವರ್ಷ ದಾಟಿದೆ. ಅದರ ಫಲಿತಾಂಶವೂ ದಾಖಲೆಯಲ್ಲಿದೆ. ಆ ವರ್ಷ 1918. ಊರು ಬೇರೆ ಕೇರಿ ಬೇರೆ, ಬಾವಿ ಬೇರೆ ಗುಡಿ ಬೇರೆ ಅನ್ನೋದು ಪೂರ್ತಿ ಜಾರಿಯಲ್ಲಿದ್ದ ಕಾಲ. ಆಗಲೇ ಬಂತು ಇನ್‌ಫ್ಲುಯೆಂಜಾ.

*

ಮೊದಲನೇ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ಸೈನಿಕರನ್ನ ಹೊತ್ತ ಹಡಗುಗಳು ಮುಂಬೈ ಬಂದರಿಗೆ ಬಂದುಹೋಗುತ್ತಿದ್ದವು. 1918ರ ಜೂನ್ 10ರಂದು ಬಂದರಿನಲ್ಲಿ ಕಾವಲಿಗಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರ ಅಂತ ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ. ಕೆಲವೇ ದಿನದಲ್ಲಿ ಬಂದರಿನ ಕೂಲಿಗಳು, ಗಿರಣಿಯವರು, ಕಚೇರಿಯ ಗುಮಾಸ್ತರು ಮಲಗಿದರು. ಈ ಮೊದಲ ಅಲೆ ಅಷ್ಟೊಂದು ಜನರನ್ನ ಕೊಲ್ಲಲಿಲ್ಲ. ಜನ "ಮುಂಬೈ ಜ್ವರ" ಅಂತ ಹೆಸರಿಟ್ಟು ಮರೆತರು.

ಸೆಪ್ಟೆಂಬರ್‌ನಲ್ಲಿ ಅದು ತಿರುಗಿ ಬಂತು. ಈ ಸಲ ಬಂದದ್ದು ಕೊಲ್ಲುವ ಜ್ವರ. ಅಕ್ಟೋಬರ್ 6ರ ಒಂದೇ ದಿನ ಮುಂಬೈ ನಗರದಲ್ಲಿ 768 ಸಾವು ದಾಖಲಾದವು. ಅಲ್ಲಿಂದ ರೈಲು ಹಿಡಿದು ದೇಶಕ್ಕೆಲ್ಲ ಹೋಯಿತು. ಇದು ಬರೀ ಮಾತಿಗೆ ಹೇಳಿದ್ದಲ್ಲ. ರೈಲ್ವೆ ಮತ್ತು ಅಂಚೆ ನೌಕರರು, ಊರಿಗೆ ಮರಳುವ ಸೈನಿಕರು, ಗಿರಣಿ ಬಿಟ್ಟು ಹಳ್ಳಿಗೆ ಓಡಿದ ಕೂಲಿಗಳು ಇವರ ಉಸಿರಿನಲ್ಲೇ ಅದು ಪ್ರಯಾಣ ಮಾಡಿತು.

ಆಗ ನಮ್ಮ ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಮುಂಬೈಗೂ ನಮಗೂ ಕೂಲಿಯ ಸಂಬಂಧ ಇತ್ತು. ಮುಂಬೈ ಪ್ರಾಂತ್ಯ ಒಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇಡೀ ಭಾರತದಲ್ಲಿ ಸತ್ತವರು 1.2 ಕೋಟಿಯಿಂದ 1.8 ಕೋಟಿ ಅಂತ ವಿದ್ವಾಂಸರ ಬೇರೆ ಬೇರೆ ಅಂದಾಜುಗಳಿವೆ. ಜಗತ್ತಿನ ಯಾವ ದೇಶದಲ್ಲೂ ಆ ಜ್ವರಕ್ಕೆ ಇಷ್ಟು ಜನ ಸತ್ತ ಲೆಕ್ಕ ಇಲ್ಲ. ಇವತ್ತಿನ ಭಾರತದ ಗಡಿಯೊಳಗಿನ ಲೆಕ್ಕ ಹಿಡಿದರೆ, 20ನೇ ಶತಮಾನದಲ್ಲಿ ನಮ್ಮ ಜನಸಂಖ್ಯೆ ಕಮ್ಮಿಯಾದ ದಶಕ ಒಂದೇ ಒಂದು: 1911ರಿಂದ 1921. ನಮ್ಮ ವಿಜಾಪುರ ಜಿಲ್ಲೆಯ ಜನಸಂಖ್ಯೆಯೂ 1911ರಲ್ಲಿ ಇದ್ದದ್ದಕ್ಕಿಂತ 1921ರಲ್ಲಿ ಇಳಿದಿತ್ತು. ಬರ, ಪ್ಲೇಗು, ಈ ಜ್ವರ ಮೂರೂ ಸೇರಿ ಬಾಚಿಕೊಂಡು ಹೋಗಿದ್ದವು.

*

ಈ ರೋಗ ಹೆಂಗೆ ಹರಡುತ್ತೆ ಅಂತ ತಿಳಿದರೆ ಮಾತ್ರ ಮುಂದಿನ ಲೆಕ್ಕ ಅರ್ಥ ಆಗತ್ತೆ. ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಇನ್‌ಫ್ಲುಯೆಂಜಾ ಒಂದು ವೈರಸ್. 1918ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರರು ಒಂದು ಬ್ಯಾಕ್ಟೀರಿಯಾ ಕಾರಣ ಅಂತ ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನ ಪ್ರಯೋಗಾಲಯದಲ್ಲಿ ಬೇರ್ಪಡಿಸಿದ್ದು 1933ರಲ್ಲಿ. ಸೋಂಕಿದವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಕೂಡ ಬಾಯಿ ಮೂಗಿನಿಂದ ಸಣ್ಣ ಹನಿಗಳು ಹೊರಗೆ ಬರತಾವೆ. ದಪ್ಪ ಹನಿ ಮೂರ್ನಾಲ್ಕು ಅಡಿಯಲ್ಲಿ ಕೆಳಗೆ ಬೀಳತ್ತೆ. ತೀರಾ ಸಣ್ಣವು ಬೀಳೋದಿಲ್ಲ, ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲತಾ ಇರತಾವೆ. ಪಕ್ಕದವರು ಅದನ್ನೇ ಉಸಿರಾಡತಾರೆ. ಹನಿ ಬಿದ್ದ ಜಾಗ ಮುಟ್ಟಿದ ಕೈಯಿಂದ ಮೂಗು, ಕಣ್ಣು, ಬಾಯಿ ಮುಟ್ಟಿಕೊಂಡರೂ ಒಳಗೆ ಹೋಗಬಹುದು.

ಒಳಗೆ ಹೋದ ಮೇಲೆ ಒಂದರಿಂದ ನಾಲ್ಕು ದಿನದಲ್ಲಿ ಲಕ್ಷಣ ಶುರು. ನೆಗಡಿ ನಿಧಾನಕ್ಕೆ ಏರತ್ತೆ, ಇದು ಹಂಗಲ್ಲ. ಬೆಳಿಗ್ಗೆ ಹೊಲಕ್ಕೆ ಹೋದವನು ಮಧ್ಯಾಹ್ನ ನಡುಗುತ್ತಾ ಬರತಾನೆ. ಜೋರು ಜ್ವರ, ಚಳಿ, ತಲೆನೋವು, ಮೈಕೈ ಮುರಿದಂಗೆ ನೋವು, ಒಣಕೆಮ್ಮು, ಗಂಟಲು ಕೆರೆತ, ಎದ್ದು ನಿಲ್ಲೋಕೂ ಆಗದ ಸುಸ್ತು. ಇನ್ನೊಂದು ಮುಖ್ಯ ಮಾತು: ಲಕ್ಷಣ ಕಾಣಿಸೋಕೆ ಒಂದು ದಿನ ಮೊದಲೇ ಆ ಮನುಷ್ಯನ ಉಸಿರಿನಿಂದ ರೋಗ ಹರಡೋಕೆ ಶುರು ಆಗಿರಬಹುದು. ಆಮೇಲೂ ಐದರಿಂದ ಏಳು ದಿನ ಹರಡತ್ತೆ. ಅಂದರೆ ಗಟ್ಟಿಮುಟ್ಟಾಗಿ ಕಾಣುವವರೂ ರೋಗ ಹೊತ್ತಿರಬಹುದು.

ಎಷ್ಟೋ ಮಂದಿಗೆ ವಾರದಲ್ಲಿ ಜ್ವರ ಬಿಟ್ಟು, ಸುಸ್ತು ಕೆಮ್ಮು ಇನ್ನೊಂದು ವಾರ ಇರತ್ತೆ, ಅಷ್ಟೇ. ಆದರೆ 1918ರಲ್ಲಿ ಅದು ಬೇಗ ಪುಪ್ಪುಸಕ್ಕೆ ಇಳಿಯಿತು. ವೈರಸ್ ಕೆಡಿಸಿದ ಪುಪ್ಪುಸದಲ್ಲಿ ಬ್ಯಾಕ್ಟೀರಿಯಾ ಕೂತು ನ್ಯುಮೋನಿಯಾ ಆಯಿತು. ಉಸಿರು ಸಾಲದೆ ತುಟಿ, ಮುಖ ನೀಲಿಗಟ್ಟುತ್ತಿತ್ತು. ಮೂಗಿನಿಂದ ರಕ್ತ ಬರುತ್ತಿತ್ತು. ಪೆನಿಸಿಲಿನ್ ಇನ್ನೂ ಹತ್ತು ವರ್ಷ ದೂರ ಇತ್ತು. ಸಾಮಾನ್ಯವಾಗಿ ಇಂಥ ಜ್ವರ ಮುದುಕರನ್ನ, ಕೂಸುಗಳನ್ನ ಒಯ್ಯತ್ತೆ. ಇದು 20ರಿಂದ 40 ವಯಸ್ಸಿನ ದುಡಿಯುವ ಮಂದಿಯನ್ನ ಜಾಸ್ತಿ ಒಯ್ದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ ಸತ್ತರು. ಮಲಗಿದವರ ಸೇವೆ ಮಾಡುತ್ತಾ ಅವರ ಪಕ್ಕ ಕೂತವರು ಅವರೇ, ಕೊನೆಗೆ ಉಂಡವರೂ ಅವರೇ.

*

ಈಗ ಲೆಕ್ಕಕ್ಕೆ ಬರೋಣ.

ಮುಂಬೈ ನಗರದಲ್ಲಿ ಈ ಜ್ವರದಿಂದ ಸತ್ತವರನ್ನ ಸಮುದಾಯವಾರು ಎಣಿಸಿದ ಪಟ್ಟಿ ಒಂದಿದೆ. ಸಾವಿರ ಜನಕ್ಕೆ ಎಷ್ಟು ಸಾವು ಅನ್ನೋದು ಲೆಕ್ಕ. ಯುರೋಪಿಯನ್ನರು 8.3. ಪಾರ್ಸಿಗಳು 9.0. ಯಹೂದಿಗಳು 14.8. ಭಾರತೀಯ ಕ್ರೈಸ್ತರು 18.4. ಸವರ್ಣ ಹಿಂದೂಗಳು 18.9. ಮುಸ್ಲಿಮರು 19.2. ಇಲ್ಲಿವರೆಗೆ ಒಂದು ಮಟ್ಟ. ಆಮೇಲೆ ಒಂದು ಸಾಲು, "ಕೆಳಜಾತಿ ಹಿಂದೂಗಳು" ಅಂತ. ಅದರ ಮುಂದೆ: 61.6.

ಸವರ್ಣರಿಗಿಂತ ಮೂರು ಪಟ್ಟಿಗೂ ಹೆಚ್ಚು. ಯುರೋಪಿಯನ್ನರಿಗಿಂತ ಏಳು ಪಟ್ಟಿಗೂ ಹೆಚ್ಚು. ಒಂದೇ ನಗರ, ಒಂದೇ ವೈರಸ್, ಅವೇ ತಿಂಗಳುಗಳು.

ನಾನು ಈ ಅಂಕಿ ಮೊದಲ ಸಲ ಓದಿದಾಗ ಪೆನ್ನು ಕೆಳಗಿಟ್ಟು ಎದ್ದುಹೋದೆ. ಸಾವಿರಕ್ಕೆ 61.6 ಅಂದ್ರೆ ಏನು? ನೂರು ಜನದ ಕೇರಿಯಲ್ಲಿ ಆರು ಹೆಣ. ಅದೂ ಒಂದೇ ಹಂಗಾಮಿನಲ್ಲಿ, ದುಡಿಯುವ ವಯಸ್ಸಿನವರದ್ದೇ ಜಾಸ್ತಿ.

ಈಗ ಆ ಹಿರಿಯ ಸಹೋದ್ಯೋಗಿಯ ಮಾತನ್ನ ಈ ಅಂಕಿಯ ಪಕ್ಕ ಇಟ್ಟು ನೋಡಿ. ದೂರ ಅನ್ನೋದು ಎರಡೂ ಕಡೆಯಿಂದ ಒಂದೇ ಅಳತೆ. ಊರಿನಿಂದ ಕೇರಿಗೆ ಎಷ್ಟು ದೂರವೋ ಕೇರಿಯಿಂದ ಊರಿಗೂ ಅಷ್ಟೇ. ಆ ದೂರ ರೋಗ ತಡೆಯುವ ಸೈನ್ಸ್ ಆಗಿದ್ದರೆ ಕೇರಿಯೂ ಊರಿನಷ್ಟೇ ಉಳಿಯಬೇಕಿತ್ತು. ಹೇಳಬೇಕಂದ್ರೆ ನಮ್ಮಷ್ಟು ದೂರ ಇಟ್ಟವರು ಜಗತ್ತಿನಲ್ಲೇ ಯಾರೂ ಇರಲಿಲ್ಲ. ಹಂಗಾದರೆ ನಾವೇ ಎಲ್ಲರಿಗಿಂತ ಕಮ್ಮಿ ಸಾಯಬೇಕಿತ್ತು, ಅಲ್ವಾ?

ಇನ್ನೊಂದು ಕಡೆನೂ ನೋಡಿ. ಸವರ್ಣರ 18.9 ಏನು ಸಣ್ಣ ಅಂಕಿ ಅಲ್ಲ. ಮಡಿ ಉಟ್ಟವರ ಮನೆಯಲ್ಲೂ ತಾಯಂದಿರು ಸತ್ತರು, ಎಳೆ ಮಕ್ಕಳು ತಬ್ಬಲಿಯಾದವು. ಅವರ ದುಃಖವನ್ನ ನಾನು ಕಮ್ಮಿ ಮಾಡಿ ಹೇಳಲ್ಲ. ಆದರೆ ಮಡಿ ಅವರನ್ನೂ ಕಾಪಾಡಲಿಲ್ಲ. ಹೆಂಗೆ ಕಾಪಾಡತ್ತೆ? ಮಡಿ ನೋಡೋದು ಹುಟ್ಟನ್ನ, ವೈರಸ್ ಕೂರೋದು ಉಸಿರಲ್ಲಿ. ಒಂದೇ ಪಂಕ್ತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಉಣ್ಣೋಕೆ ಮಡಿಯ ಅಡ್ಡಿ ಇಲ್ಲ. ಬಯಲಲ್ಲಿ ಹತ್ತು ಮಾರು ದೂರ ನಿಂತವನ ನೆರಳು ಬಿದ್ದರೆ ಮಾತ್ರ ಅಡ್ಡಿ. ರೋಗಕ್ಕೆ ಇದು ಪೂರ್ತಿ ಉಲ್ಟಾ.

*

ಹಂಗಾದರೆ 61.6 ಯಾಕೆ? ನಮ್ಮ ರಕ್ತದಲ್ಲೇ ದೋಷ ಇತ್ತಾ? ಇಲ್ಲ. ಕಾರಣ ನಾವು ಇದ್ದ ಮನೆ, ಉಂಡ ಊಟ, ಮಾಡಿದ ಚಾಕರಿಯಲ್ಲಿತ್ತು.

ಮುಂಬೈನ ಗಿರಣಿ ಪ್ರದೇಶದಲ್ಲಿ ಬಹುಪಾಲು ಕೂಲಿಕಾರರದ್ದು ಒಂದೇ ಕೋಣೆಯ ಸಂಸಾರ. ಆ ಚಾಳುಗಳಲ್ಲಿ ಕಿಟಕಿ ಇಲ್ಲದ ಕೋಣೆಯಲ್ಲಿ ಒಬ್ಬರು ಕೆಮ್ಮಿದರೆ ಆ ಗಾಳಿಯನ್ನ ಎಲ್ಲರೂ ಹಂಚಿಕೊಳ್ಳಲೇಬೇಕು. ಅದರ ಮೇಲೆ ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದ ಕಾಳಿನ ಬೆಲೆ ಏರಿತ್ತು. ಹೊಟ್ಟೆ ಬೆನ್ನಿಗೆ ಹತ್ತಿದ ಮೈ ನ್ಯುಮೋನಿಯಾ ತಡೆಯಲ್ಲ. ಔಷಧವೇ ಇಲ್ಲದ ಕಾಲದಲ್ಲಿ ಉಳಿಸುತ್ತಿದ್ದದ್ದು ನಾಲ್ಕೇ: ವಿಶ್ರಾಂತಿ, ಬೆಚ್ಚಗಿನ ಹೊದಿಕೆ, ನೀರು, ಗಂಜಿ. ಕೂಲಿಯವರಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು?

ಹಳ್ಳಿಯ ಕಥೆ ಇನ್ನೊಂದು. ಇದು ನಮ್ಮ ಮನೆಯದ್ದೇ.

ನಮ್ಮ ಆಯಿ ತನ್ನ ಅತ್ತೆ ಹೇಳಿದ್ದನ್ನ ನನಗೆ ಹೇಳುತ್ತಿದ್ದಳು. ನಾನಾಗ ಐದನೇತ್ತೆಯೋ ಆರನೇತ್ತೆಯೋ. ಆಕೆಗೆ ಇನ್‌ಫ್ಲುಯೆಂಜಾ ಅನ್ನೋ ಶಬ್ದ ಗೊತ್ತಿರಲಿಲ್ಲ. "ದೊಡ್ಡ ಜ್ವರ ಬಂದ ವರ್ಷ" ಅನ್ನುತ್ತಿದ್ದಳು. ನಮ್ಮ ಮನೆತನಕ್ಕೆ ಊರ ಬಿಟ್ಟಿ ಚಾಕರಿ ಇತ್ತು. ಊರಲ್ಲಿ ಯಾರೇ ಸತ್ತರೂ ಸುತ್ತಲ ಹಳ್ಳಿಯ ಬೀಗರಿಗೆ ಸಾವಿನ ಸುದ್ದಿ ಒಯ್ಯೋದು, ಕುಣಿ ತೋಡೋದು, ಕಟ್ಟಿಗೆ ಒಡೆಯೋದು ನಮ್ಮವರೇ. ಆ ವರ್ಷ ಮುತ್ಯಾನ ಅಪ್ಪ ದಿನಕ್ಕೆ ಎರಡು ಮೂರು ಸುದ್ದಿ ಹೊತ್ತು ಓಡಾಡಿದನಂತೆ. "ನಾ ಬರಾಂಗಿಲ್ಲ" ಅನ್ನೋ ಅಧಿಕಾರ ಅವನಿಗೆ ಇರಲಿಲ್ಲ. ರೋಗದ ಮನೆಯ ಬಾಗಿಲಿನಿಂದ ರೋಗದ ಮನೆಯ ಬಾಗಿಲಿಗೆ ನಡೆಯೋದೇ ಅವನ ಕೆಲಸ.

ಒಂದು ಸಂಜೆ ನಡುಗುತ್ತಾ ಬಂದು ಮಲಗಿದ. ಎಂಟು ದಿನದಲ್ಲಿ ಆ ಮನೆಯಲ್ಲಿ ನಾಲ್ಕು ಹೆಣ. ಊರಿಗೆಲ್ಲ ಕುಣಿ ತೋಡಿದವನಿಗೆ ತೋಡೋಕೆ ಯಾರೂ ಎದ್ದು ನಿಲ್ಲುವ ಹಂಗಿರಲಿಲ್ಲ.

ಆಯಿ ಮತ್ತೆ ಮತ್ತೆ ಹೇಳುತ್ತಿದ್ದದ್ದು ಸಾವಿನ ಮಾತಲ್ಲ, ನೀರಿನ ಮಾತು. ನಮ್ಮವರು ಊರ ಬಾವಿ ಮುಟ್ಟುವಂತಿಲ್ಲ. ದೂರ ನಿಂತು ಕೈ ಮುಗಿದು ಕೂಗಬೇಕು, ಪುಣ್ಯಾತ್ಮರು ಯಾರಾದರೂ ಬಂದು ಮೇಲಿಂದ ಕೊಡಕ್ಕೆ ನೀರು ಸುರಿಯಬೇಕು. ಕೇರಿಯ ಮಂದಿಯೆಲ್ಲ ಜ್ವರದಲ್ಲಿ ಮಲಗಿದಾಗ ಹೋಗಿ ನಿಂತು ಕೂಗುವವರು ಯಾರು? ಊರಲ್ಲೂ ಎಲ್ಲ ಮಲಗಿದಾಗ ಬಂದು ಸುರಿಯುವವರು ಯಾರು? "ಜ್ವರಕ್ಕಿಂತ ನೀರಡಿಕಿಗೆ ಸತ್ರು ಯಪ್ಪಾ" ಅನ್ನುತ್ತಿದ್ದಳು. ಆ ಮನೆಯಲ್ಲಿ ಉಳಿದದ್ದು ಆಯಿಯ ಅತ್ತೆ ಮತ್ತು ಒಂದು ಗಂಡು ಕೂಸು. ಬಾಜೂ ಮನೆಯ ಮುದುಕಿ ಹಳ್ಳದ ವರತೆ ನೀರು ತಂದು, ಜೋಳದ ನುಚ್ಚಿನ ಗಂಜಿ ಮಾಡಿ ಹನಿ ಹನಿ ಬಾಯಿಗೆ ಬಿಟ್ಟಳಂತೆ. ಆ ಕೂಸೇ ನನ್ನ ಮುತ್ಯಾ. ಆ ಮುದುಕಿ ಯಾರು, ಏನು ಹೆಸರು, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಇವತ್ತು ಈ ಪೋಸ್ಟ್ ಬರೀತಿರೋದು ಆಕೆಯ ಗಂಜಿಯ ಋಣದಲ್ಲಿ.

ಆ "ಅಂತರ" ಏನನ್ನ ತಡೆಯಿತು ಅಂತ ಈಗ ಹೇಳಿ. ರೋಗವನ್ನ ತಡೆಯಲಿಲ್ಲ, ಅದು ಬಿಟ್ಟಿ ಚಾಕರಿಯ ದಾರಿಯಲ್ಲೇ ಮನೆಗೆ ಬಂತು. ತಡೆದದ್ದು ನೀರನ್ನ.

*

ಇದೇ ಹೊತ್ತಿನಲ್ಲಿ ಮುಂಬೈನಲ್ಲಿ ಇನ್ನೊಂದು ನಡೆಯಿತು.

1918ರ ನವೆಂಬರ್. ಎರಡನೇ ಅಲೆಯ ಗಾಯ ನಗರದಲ್ಲಿ ಇನ್ನೂ ಹಸಿ. 27 ವರ್ಷದ ಯುವಕರೊಬ್ಬರು ಸಿಡೆನ್‌ಹ್ಯಾಮ್ ಕಾಲೇಜಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಕೊಲಂಬಿಯಾದಲ್ಲಿ ಓದಿ ಬಂದವರು. ಸಂಸಾರ ಪರೇಲ್‌ನ ಚಾಳಿನಲ್ಲಿ. ಹೌದು, ನಮ್ಮ ಬಾಬಾಸಾಹೇಬರು. ಅವರ ಜೀವನಚರಿತ್ರೆ ಓದಿದವರಿಗೆ ಗೊತ್ತು: ಆ ಕಾಲೇಜಿನಲ್ಲಿ ಪ್ರಾಧ್ಯಾಪಕರಿಗೆ ಇಟ್ಟಿದ್ದ ನೀರಿನ ಕೊಡದಿಂದ ಅವರು ನೀರು ಕುಡಿಯೋದಕ್ಕೆ ಸಹ ಪ್ರಾಧ್ಯಾಪಕರು ತಕರಾರು ಎತ್ತಿದರು.

ಇದನ್ನ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಉಸಿರಿನಿಂದ ಹರಡುವ ರೋಗಕ್ಕೆ ಸಾವಿರಾರು ಜನ ಸತ್ತ ನಗರ ಅದು. ಆ ಕೋಣೆಯಲ್ಲಿ ಕೂತ ವಿದ್ಯಾವಂತರೆಲ್ಲ ಬಾಬಾಸಾಹೇಬರ ಜೊತೆ ಒಂದೇ ಗಾಳಿ ಉಸಿರಾಡುತ್ತಿದ್ದರು. ಗಾಳಿಯ ಬಗ್ಗೆ ಯಾರದ್ದೂ ತಕರಾರಿಲ್ಲ, ತಕರಾರು ಕೊಡದ ಬಗ್ಗೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ, ಮಡಿಗೂ ಸೈನ್ಸಿಗೂ ಸಂಬಂಧ ಇಲ್ಲ ಅನ್ನೋದಕ್ಕೆ?

ಎರಡು ತಿಂಗಳು ಕಳೆದು 1919ರ ಜನವರಿಯಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿ ಮುಂದೆ ಹೋಗಿ ಅಸ್ಪೃಶ್ಯರಿಗೆ ಮತದಾನದ ಹಕ್ಕು ಬೇಕು, ನಮ್ಮ ಪ್ರತಿನಿಧಿಗಳು ಬೇಕು ಅಂತ ಸಾಕ್ಷ್ಯ ಹೇಳಿದರು. ಅವರು ಅಲ್ಲಿ ಜ್ವರದ ವಿಷಯ ಮಾತಾಡೋಕೆ ಹೋಗಿರಲಿಲ್ಲ. ಆದರೂ ನನಗೆ 61.6 ಮತ್ತು ಆ ಸಾಕ್ಷ್ಯ ಒಂದೇ ಕಾಗದದ ಎರಡು ಮುಖದಂಗೆ ಕಾಣತ್ತೆ. ಬಾವಿ, ಮನೆ, ಕೂಲಿ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುವ ಜಾಗದಲ್ಲಿ ನಾವು ಇಲ್ಲದಿದ್ದರೆ, ರೋಗ ಬಂದಾಗ ಪಟ್ಟಿಯ ಕೊನೆಯ ಸಾಲಿನಲ್ಲಿ ನಾವೇ ಇರತೀವಿ.

*

ಗುಮಾಸ್ತನಾಗಿ ಇನ್ನೊಂದು ಮಾತು. 61.6 ನಮಗೆ ಗೊತ್ತಿರೋದು ಯಾಕೆ? ಮುಂಬೈನಲ್ಲಿ ಯಾರೋ ಒಬ್ಬರು ಸಮುದಾಯದ ಕಾಲಂ ಇಟ್ಟು ಎಣಿಸಿದರು ಅದಕ್ಕೆ. ಹಳ್ಳಿಗಳಲ್ಲಿ ಈ ಸಾವುಗಳು ಬರೀ "ಜ್ವರ" ಅನ್ನೋ ಕಾಲಂಗೆ ಸೇರಿಹೋದವು. ಎಷ್ಟೋ ಊರಲ್ಲಿ ಬರೆಯುವವರೇ ಮಲಗಿದ್ದರಿಂದ ಅದೂ ದಾಖಲಾಗಲಿಲ್ಲ. ನಮ್ಮ ಮನೆಯ ನಾಲ್ಕು ಹೆಣ ಯಾವ ರಿಜಿಸ್ಟರ್‌ನಲ್ಲೂ ಇಲ್ಲ ಅಂತಲೇ ನನ್ನ ನಂಬಿಕೆ. ಆಯಿಯ ಬಾಯಲ್ಲಿ ಇದ್ದವು, ಈಗ ಇಲ್ಲಿವೆ.

ಈಗ 2020–21ಕ್ಕೆ ಬನ್ನಿ. ಕೋವಿಡ್‌ನಲ್ಲಿ ಸತ್ತವರ ಜಾತಿವಾರು ಲೆಕ್ಕವನ್ನ ಸರ್ಕಾರ ಪ್ರಕಟಿಸಲಿಲ್ಲ. ಬೀದಿ ಗುಡಿಸಿದ ಪೌರಕಾರ್ಮಿಕರು, ಸ್ಮಶಾನದಲ್ಲಿ ಹಗಲುರಾತ್ರಿ ಹೆಣ ಸುಟ್ಟವರು, ಆಸ್ಪತ್ರೆಯ ಕಸ ಎತ್ತಿದವರು ಯಾವ ಕೇರಿಯಿಂದ ಬಂದವರು ಅಂತ ನಮಗೆಲ್ಲ ಗೊತ್ತು. ಅವರಲ್ಲಿ ಸಾವಿರಕ್ಕೆ ಎಷ್ಟು ಜನ ಹೋದರು ಅಂತ ಯಾವ ಪಟ್ಟಿಯೂ ಹೇಳಲ್ಲ. 1918ರ ಬ್ರಿಟಿಷರ ಕಾಲದ ನಗರದಲ್ಲಿ ಇದ್ದ ಕಾಲಂ 2020ರಲ್ಲಿ ಇಲ್ಲ. ಜಾತಿಗಣತಿ ಬೇಡ, ಸಮಾಜ ಒಡೆಯತ್ತೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಎಣಿಸದಿದ್ದರೆ ಸಾವು ನಿಲ್ಲಲ್ಲ, ಸಾಕ್ಷಿ ಮಾತ್ರ ಅಳಿಸಿಹೋಗತ್ತೆ. ಮುಂದೆ ಯಾರಾದರೂ "ಎಲ್ಲರೂ ಸಮನಾಗಿ ಸತ್ತರು" ಅಂದರೆ ಅಲ್ಲ ಅನ್ನೋಕೆ ನಮ್ಮ ಕೈಯಲ್ಲಿ ಏನಿರತ್ತೆ?

"ಸಾಮಾಜಿಕ ಅಂತರ" ಅನ್ನೋ ಶಬ್ದ ಆಗ ದಿನಾ ಕಿವಿಗೆ ಬೀಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಅದಕ್ಕಿಂತ "ದೈಹಿಕ ಅಂತರ" ಅನ್ನೋದು ಸರಿ ಅಂತ ಹೇಳಿತು. ನಮ್ಮವರು ಮಾತ್ರ ಹಳೇ ಶಬ್ದ ಬಿಡಲಿಲ್ಲ. ಕೆಲವರಿಗೆ ಆ ಶಬ್ದ ಬಹಳ ಹಿತವಾಗಿತ್ತು ಅನಿಸತ್ತೆ.

*

ಕೊನೆಗೆ ಕೆಲಸಕ್ಕೆ ಬರುವ ಮಾತು. ಈ ಜ್ವರ ಪ್ರತಿ ವರ್ಷ ಬರತ್ತೆ. ಮನೆಯಲ್ಲಿ ಯಾರಿಗಾದರೂ ಬಂದರೆ ಕಿಟಕಿ ಬಾಗಿಲು ತೆರೆಯಿರಿ, ಗಾಳಿ ಆಡಲಿ. ಮಲಗಿದವರೂ ಸೇವೆ ಮಾಡುವವರೂ ಮಾಸ್ಕ್ ಹಾಕಿ, ಕೈ ತೊಳೆಯಿರಿ. ನೀರು, ಗಂಜಿ ಕೊಡುತ್ತಾ ಇರಿ. ಉಸಿರಾಡೋಕೆ ಕಷ್ಟ, ಎದೆನೋವು, ತುಟಿ ನೀಲಿ, ಮಾತು ತಡವರಿಸೋದು, ಬಿಟ್ಟ ಜ್ವರ ಮತ್ತೆ ಜೋರಾಗಿ ಬರೋದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆ, ದಮ್ಮು ಇರುವವರು ಫ್ಲೂ ಲಸಿಕೆ ಬಗ್ಗೆ ಡಾಕ್ಟರರನ್ನ ಕೇಳಿ. ಜ್ವರ ಇದ್ದರೂ ಕೂಲಿಗೆ ಹೋಗಲೇಬೇಕಾದ ಪೌರಕಾರ್ಮಿಕರಿಗೆ ಸಂಬಳ ಸಹಿತ ರಜೆ ಕೊಡಿ ಅಂತ ನಾವೆಲ್ಲ ಸೇರಿ ಕೇಳೋಣ. ಇದು ದಾನ ಕೇಳಿದಂಗಲ್ಲ, ರೋಗ ತಡೆಯುವ ಕೆಲಸ.

ಮತ್ತೊಂದು ವಿನಂತಿ. ನಿಮ್ಮ ಮನೆಯ ಹಿರಿಯರ ಹತ್ತಿರ ಕೂತು "ದೊಡ್ಡ ಜ್ವರ"ದ ಮಾತು ಏನಾದರೂ ಕೇಳಿದ್ದಾರಾ ಅಂತ ವಿಚಾರಿಸಿ. ಏನು ಹೆಸರಿನಿಂದ ಕರೆಯುತ್ತಿದ್ದರು, ಯಾರು ಹೋದರು, ಯಾರು ಗಂಜಿ ಕೊಟ್ಟರು. ಬರೆದಿಡಿ. ನಮ್ಮ ರಿಜಿಸ್ಟರ್ ನಾವೇ ತುಂಬಬೇಕು.

ನಾಳೆ ಕಚೇರಿಗೆ ಹೋದಾಗ ಆ ಹಿರಿಯರಿಗೂ ಇದನ್ನ ತೋರಿಸ್ತೀನಿ. ಅವರು ಓದಿ ಏನಂತಾರೋ ನೋಡೋಣ. ಚಹಾ ಮಾತ್ರ ಒಟ್ಟಿಗೇ ಕುಡೀತೀವಿ, ಕಿಟಕಿ ತೆರೆದಿಟ್ಟು.

ಜೈಭೀಮ್.